ಸರಾಸರಿ ವಡೆ

ಸರಾಸರಿ ವಡೆ ಎಂಬುದನ್ನು ನಾನು ಇದುವರೆಗೆ ಕಣ್ಣಿಂದ ಕಂಡಿಲ್ಲ. ಇಷ್ಟು ವರ್ಷಗಳಿಂದ ಅಹಮದಾಬಾದಿನಲ್ಲಿ ಉದ್ದಿನ ವಡೆ ಕರಿಯುತ್ತಿದ್ದೇನೆ. ಸಣ್ಣ ವಡೆ ಕಂಡಿದ್ದೇನೆ, ದೊಡ್ಡ ವಡೆ ಕಂಡಿದ್ದೇನೆ, ತೂತು ಮುಚ್ಚಿಹೋಗಿ ಬೋಂಡಾದ ವೇಷ ಹಾಕಿದ ವಡೆಯನ್ನೂ ಕಂಡಿದ್ದೇನೆ. ಆದರೆ ನಲವತ್ತೈದು ಗ್ರಾಂ ತೂಗುವ, ನನ್ನ ನೋಟುಪುಸ್ತಕದ ಪ್ರಕಾರ ನಾನು ದಿನಾ ಮಾಡುತ್ತಿದ್ದ ಆ ವಡೆ ಮಾತ್ರ ಆ ದಿನಗಳಲ್ಲಿ ನನ್ನ ಬಾಣಲೆಯಿಂದ ಒಂದೂ ಎದ್ದು ಬಂದಿರಲಿಲ್ಲ. ಆ ಇಲ್ಲದ ವಡೆಯ ಕಥೆ ಹೇಳಬೇಕಾದರೆ, ಇರುವ ಒಬ್ಬನೇ ತಮ್ಮನಿಗೆ ನಾನು ಮಾಡಿದ ಅನ್ಯಾಯವನ್ನೂ ಹೇಳಬೇಕು. ಎರಡನೆಯದಕ್ಕೆ ನಾಚಿಕೆ ಅಡ್ಡ ಬರುವುದರಿಂದ ವಡೆಯಿಂದಲೇ ಶುರುಮಾಡುತ್ತೇನೆ.

ನಾನು ಹುಟ್ಟಾ ಅನುಮಾನದ ಮನುಷ್ಯ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ, ಒಡೆದ ಮೇಲೆ ಮೂಸುತ್ತೇನೆ, ತುರಿದ ಮೇಲೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತೇನೆ. ಉದ್ದಿನಬೇಳೆಯ ಚೀಲವನ್ನು ಬಾಯಿಯ ಕಡೆಯಿಂದ ಬಿಚ್ಚದೆ ತಳದ ಹೊಲಿಗೆ ಬಿಚ್ಚಿ ನೋಡುತ್ತೇನೆ, ಏಕೆಂದರೆ ಒಳ್ಳೆಯ ಬೇಳೆಯನ್ನು ಯಾರೂ ತಳದಲ್ಲಿ ತುಂಬುವುದಿಲ್ಲ. ಶಾಲೆಗೆ ಹೋದದ್ದು ಏಳನೇ ತರಗತಿಯವರೆಗೆ. ಹೆಚ್ಚು ಓದಿದವರು ಪುಸ್ತಕವನ್ನು ನಂಬುತ್ತಾರೆ, ಓದದೇ ಇದ್ದವರು ಜನರನ್ನು ನಂಬುತ್ತಾರೆ. ನಾನು ಇಬ್ಬರ ನಡುವೆ ನಿಂತು ಯಾರನ್ನೂ ನಂಬದವನಾದೆ. ನಾನು ನಂಬುವುದು ಅಂಗೈ ಅಗಲದ ಒಂದು ತೂಕದ ಯಂತ್ರವನ್ನು. ಅದನ್ನೂ ಪೂರ್ತಿ ಅಲ್ಲ. ವಾರಕ್ಕೊಮ್ಮೆ ಅದರ ಮೇಲೆ ಒಂದು ಕಿಲೋ ಉಪ್ಪಿನ ಪೊಟ್ಟಣ ಇಟ್ಟು ಪರೀಕ್ಷೆ ಮಾಡುತ್ತೇನೆ. ಸರಿಯಾಗಿ ಒಂದು ಕಿಲೋ ತೋರಿಸಿದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ.

ನನ್ನ ಹೋಟೆಲು ಬೋಪಾಲಿನಲ್ಲಿದೆ. ಊರಿನ ನೆಂಟರು ಇದನ್ನು ಭೋಪಾಲ್ ಎಂದೇ ತಿಳಿದು ಇವತ್ತಿಗೂ ನನ್ನನ್ನು ಮಧ್ಯಪ್ರದೇಶದಲ್ಲಿ ಇಟ್ಟಿದ್ದಾರೆ. ಇದು ಅಹಮದಾಬಾದಿನ ಪಡುವಣ ಅಂಚು. ನಾನು ಬಂದಾಗ ಹೊಲ ಇದ್ದಲ್ಲಿ ಈಗ ಹದಿನಾಲ್ಕು ಅಂತಸ್ತಿನ ಕಟ್ಟಡಗಳು ನಿಂತಿವೆ. ತಮ್ಮ ಸುಧಾಕರನ ಹೋಟೆಲು ವಡೋದರಾದ ಅಲ್ಕಾಪುರಿಯಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಆಲದ ಮರಕ್ಕೂ ವಡೋದರಾ ಎಂಬ ಹೆಸರಿಗೂ ನಂಟಿದೆ ಎಂದು ತಿಳಿದವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವಡೆ, ಉದರ, ಎರಡೂ ಸೇರಿ ವಡೋದರ. ಹೊಟ್ಟೆಯೊಳಗೆ ವಡೆ ಇರುವ ಊರು ಎಂದರ್ಥ. ಉಡುಪಿ ಕಡೆಯವನೊಬ್ಬ ಅಲ್ಲಿ ಹೋಟೆಲು ಇಡದಿದ್ದರೆ ಊರಿಗೇ ಅವಮಾನ ಎಂದು ಹೇಳಿ ತಮ್ಮನನ್ನು ಅಲ್ಲಿ ಕೂರಿಸಿದವನು ನಾನೇ. ಕೈ ಒದ್ದೆ ಮಾಡಿ ಹಿಟ್ಟು ತೆಗೆಯುವುದು, ಹೆಬ್ಬೆರಳಿನಲ್ಲಿ ತೂತು ಮಾಡುವುದು, ಎಣ್ಣೆಗೆ ಜಾರಿಸುವುದು, ಎಲ್ಲವನ್ನೂ ಅವನು ಕಲಿತದ್ದು ನನ್ನ ಪಕ್ಕದಲ್ಲಿ ನಿಂತು.

ಎದುರಿನ ಕಟ್ಟಡದಲ್ಲಿ ಧಾರವಾಡದ ಕಡೆಯ ರಾಯರೊಬ್ಬರಿದ್ದಾರೆ. ಬ್ಯಾಂಕಿನವರು, ವರ್ಗವಾಗಿ ಬಂದವರು. ದಿನಾ ಬೆಳಿಗ್ಗೆ ಎರಡು ಇಡ್ಲಿ, ಒಂದು ವಡೆ. ಒಂದು ದಿನ ವಡೋದರಾಕ್ಕೆ ಕೆಲಸದ ಮೇಲೆ ಹೋಗಿ ಬಂದವರು, ಮರುದಿನ ವಡೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಹೇಳಿದರು: "ನಿಮ್ಮ ತಮ್ಮನ ಹೋಟೆಲಿಗೆ ಹೋಗಿದ್ದೆ ನೋಡ್ರಿ. ರುಚಿ ಭಾಳ ಛಲೋ ಅದ, ಇಲ್ಲಂತ ಅನ್ನಂಗಿಲ್ಲ. ಆದ್ರ ವಡಿ ಸಣ್ಣದ್ರಿ. ನಿಮ್ಮ ವಡಿ ಮುಂದ ಅದು ಕೂಸು."

ಅವರು ನಕ್ಕು ಹೇಳಿದ್ದನ್ನು ನಾನು ನಗದೆ ಕೇಳಿಸಿಕೊಂಡೆ. ಸಂಜೆ ತಮ್ಮನಿಗೆ ಫೋನು ಮಾಡಿ, "ಹಿಟ್ಟು ಸರಿ ಬರ್ತಾ ಉಂಟಾ?" ಎಂದೆ. "ಬರ್ತಾ ಉಂಟು ಅಣ್ಣ," ಎಂದ. ಆ 'ಬರ್ತಾ ಉಂಟು' ಸ್ವಲ್ಪ ಬೇಗ ಬಂದ ಹಾಗೆ ನನಗೆ ಕೇಳಿಸಿತು. ತಡವಾಗಿ ಬಂದಿದ್ದರೆ ಯೋಚಿಸಿ ಹೇಳಿದ ಎನ್ನುತ್ತಿದ್ದೆ. ಕಾಮಾಲೆ ಕಣ್ಣಿಗೆ ಲೋಕ ಹಳದಿ ಎನ್ನುತ್ತಾರಲ್ಲ, ಕಾಮಾಲೆ ಕಿವಿಯೂ ಇರುತ್ತದೆ ಎಂದು ಈಗ ಗೊತ್ತಾಗಿದೆ. ನಾನು ಕಲಿಸಿದ ಅಳತೆಯನ್ನು ಇವನು ನನ್ನ ಬೆನ್ನ ಹಿಂದೆ ಕಿರಿದು ಮಾಡುತ್ತಿದ್ದಾನೆ ಎಂಬುದು ಒಂದು ವಾರದಲ್ಲಿ ನನ್ನ ತಲೆಯಲ್ಲಿ ಅನುಮಾನವಾಗಿ ಉಳಿಯದೆ ಸತ್ಯವೇ ಆಗಿಬಿಟ್ಟಿತು.

ಇನ್ನು ನಾಚಿಕೆಯ ಭಾಗ. ಒಂದು ಬೆಳಿಗ್ಗೆ ತೂಕದ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದೆ. ಹೇಳದೆ ಕೇಳದೆ ಅವನ ಅಡುಗೆಮನೆಗೆ ನುಗ್ಗಿದಾಗ ತಿಂಡಿಯ ಗಡಿಬಿಡಿ. ಸುಧಾಕರ ನನ್ನನ್ನು ಕಂಡು ಮುಖ ಅರಳಿಸಿ, "ಅರೇ ಅಣ್ಣ! ಬಾ, ಮೊದಲು ಕಾಪಿ ಕುಡಿ," ಎಂದ. ನಾನು ಕಾಫಿ ಕುಡಿಯಲಿಲ್ಲ. ಕಡಪ ಕಲ್ಲಿನ ಮೇಲೆ ಯಂತ್ರ ಇಟ್ಟು, ಜಾಲರಿಯಲ್ಲಿ ಎಣ್ಣೆ ಸೋರುತ್ತಿದ್ದ ವಡೆಗಳನ್ನು ಒಂದೊಂದಾಗಿ ತೂಗತೊಡಗಿದೆ. ನಲವತ್ತನಾಲ್ಕು. ನಲವತ್ತೈದು. ನಲವತ್ತೈದು. ನಲವತ್ತಾರು. ಪುಸ್ತಕದಲ್ಲಿ ಬರೆದೆ. ಅವನ ಕೈಕೆಳಗಿನ ಐದು ಜನ ಕೆಲಸ ಬಿಟ್ಟು ನೋಡುತ್ತಿದ್ದರು.

"ಎಷ್ಟು ತೂಗಬೇಕಿತ್ತು ಅಣ್ಣ?" ಎಂದು ಕೇಳಿದ.

"ಐವತ್ತು ದಾಟ್ಬೇಕು. ನನ್ನದು ದಾಟ್ತದೆ."

"ತೂಗಿ ನೋಡಿದ್ದೀಯಾ?"

"ನನ್ನ ಕೈ ನನಗೆ ಗೊತ್ತುಂಟು."

ಅವನು ಹಿಟ್ಟಿನ ಕೈಯನ್ನು ನಿಧಾನವಾಗಿ ತೊಳೆದುಕೊಂಡ. "ಈ ಕೈಯೂ ನೀನೇ ಕಲಿಸಿದ್ದು. ಅವತ್ತು ಫೋನಲ್ಲೇ ನೇರ ಕೇಳಿದ್ರೆ ಸಾಕಿತ್ತು. ತಕ್ಕಡಿ ಹಿಡ್ಕೊಂಡು ಬಂದ್ಯಲ್ಲ ಅಣ್ಣ, ಇವರೆಲ್ಲರ ಎದುರಿಗೆ." ಅಷ್ಟೇ. ಕೂಗಾಡಲಿಲ್ಲ. ಆ ತಿಂಗಳ ಕೊನೆಗೆ ಹೋಟೆಲನ್ನು ಹಳೆಯ ಅಡುಗೆಭಟ್ಟರಿಗೆ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ಸೂರತ್ತಿಗೆ ಹೋದ. ಅಲ್ಲಿ ಬಟ್ಟೆ ಮಾರುಕಟ್ಟೆಯ ಕ್ಯಾಂಟೀನಿನಲ್ಲಿ ಅಡುಗೆಯ ಕೆಲಸ ಹಿಡಿದ. ನನ್ನ ಫೋನು ಎತ್ತುವುದನ್ನು ಬಿಟ್ಟ. ತಪ್ಪಿಲ್ಲದವನು ಯಾಕೆ ಓಡಿಹೋಗಬೇಕು, ನೋಡಿ, ಅನುಮಾನಕ್ಕೆ ಇದೊಂದು ಹೊಸ ಸಾಕ್ಷಿ ಸಿಕ್ಕಿತು ಎಂದು ನಾನು ಹೆಂಡತಿಯ ಹತ್ತಿರ ಹೇಳಿದೆ. ಅವಳು ಉತ್ತರ ಕೊಡದೆ ಎದ್ದು ಹೋದಳು.

ಉತ್ತರ ಕೊಡದವರ ಜೊತೆ ವಾದ ಗೆಲ್ಲುವುದು ಕಷ್ಟ. ನನ್ನ ಮಾತು ಸರಿ ಎಂದು ತೋರಿಸಲೇಬೇಕು ಎಂಬ ಹಟದಿಂದ ನನ್ನ ವಡೆಗಳನ್ನೇ ತೂಗಲು ಕುಳಿತೆ. ಪ್ರತಿ ಸಲ ಬಾಣಲೆಯಿಂದ ತೆಗೆದಾಗ ಒಂದು ವಡೆ ಯಂತ್ರದ ಮೇಲೆ, ಆಮೇಲೆ ತಟ್ಟೆಗೆ. ಒಂದು ವಾರ ಹೀಗೇ ನಡೆಯಿತು. ತೂಕದ ಪಕ್ಕದಲ್ಲಿ ಅದು ಯಾರಿಗೆ ಹೋಯಿತು ಎಂದೂ ಬರೆದೆ. ಅದು ಬೇಕಿರಲಿಲ್ಲ, ಆದರೆ ಅನುಮಾನದವನಿಗೆ ಬೇಡದ್ದು ಎಂಬುದು ಯಾವುದೂ ಇಲ್ಲ. ಕೊನೆಗೆ ಎಲ್ಲವನ್ನೂ ಕೂಡಿಸಿ ಭಾಗಿಸಿದೆ. ಸರಾಸರಿ ನಲವತ್ತೈದು. ತಮ್ಮನ ವಡೆಗಳದ್ದೂ ಕೂಡಿಸಿ ಭಾಗಿಸಿದೆ. ನಲವತ್ತೈದು.

ಯಂತ್ರದ ಸೆಲ್ಲು ಬದಲಾಯಿಸಿದೆ. ಉಪ್ಪಿನ ಪೊಟ್ಟಣ ತಂದೆ. ಮತ್ತೆ ಕೂಡಿಸಿದೆ. ನಲವತ್ತೈದು ಅಲ್ಲಾಡಲಿಲ್ಲ. ಹಾಗಾದರೆ ಸುಳ್ಳು ಹೇಳಿದವರು ರಾಯರೇ ಇರಬೇಕು. ಅಣ್ಣತಮ್ಮಂದಿರ ನಡುವೆ ತಂದಿಡುವುದರಿಂದ ಬ್ಯಾಂಕಿನವರಿಗೆ ಏನು ಲಾಭ ಎಂದು ಎರಡು ದಿನ ಯೋಚಿಸಿದೆ. ಆ ಎರಡು ದಿನವೂ ಅವರ ತಟ್ಟೆಗೆ ಚಟ್ನಿ ಸ್ವಲ್ಪ ಕಡಿಮೆಯೇ ಹೋಯಿತು. ಪಾಪ, ಅವರು ತೆಂಗಿನಕಾಯಿ ತುಟ್ಟಿಯಾಗಿದೆ ಎಂದುಕೊಂಡರು.

ಸರಾಸರಿಯ ಮೇಲೆ ನನಗೆ ಮೊದಲಿನಿಂದಲೂ ಪೂರ್ತಿ ವಿಶ್ವಾಸವಿಲ್ಲ. ಈ ಊರಿನವರಿಗೆ ಸಾಂಬಾರು ಸಿಹಿಯಾಗಿರಬೇಕು, ರಾಯರಂಥವರಿಗೆ ಮೂಗಿನಲ್ಲಿ ನೀರು ಬರಬೇಕು. ಹಿಂದೊಮ್ಮೆ ಎರಡಕ್ಕೂ ನಡುವಿನ ಸಾಂಬಾರು ಮಾಡಿ ಎಲ್ಲರಿಗೂ ಅದನ್ನೇ ಬಡಿಸಿದ್ದೆ. ಇಬ್ಬರೂ ಬೈದರು. ನಡುವಿನ ಸಾಂಬಾರು ತಿನ್ನುವ ನಡುವಿನ ಮನುಷ್ಯ ನನ್ನ ಹೋಟೆಲಿಗೆ ಇನ್ನೂ ಬಂದಿಲ್ಲ. ಅದನ್ನು ಅನುಭವಿಸಿ ಗೊತ್ತಿದ್ದರೂ ವಡೆಯ ಲೆಕ್ಕದಲ್ಲಿ ನನಗೆ ಅದು ಹೊಳೆಯಲಿಲ್ಲ. ತಲೆ ಒಂದೇ ಆದರೂ ಸಾಂಬಾರಿನ ಬುದ್ಧಿ ವಡೆಗೆ ಬರುವುದಿಲ್ಲ.

ಹೊಳೆಸಿದವಳು ಮಗಳು ಶ್ರೇಯಾ. ಇಲ್ಲೇ ಹುಟ್ಟಿ ಬೆಳೆದವಳು, ಕಾಲೇಜಿನಲ್ಲಿ ಬಿ.ಕಾಂ. ಅವಳ ಕನ್ನಡದಲ್ಲಿ ಚಿಕ್ಕಪ್ಪ ಕಾಕಾ ಆಗಿದ್ದಾನೆ, ಅಷ್ಟೇ ಅಲ್ಲ, ಮನುಷ್ಯರಿಗೂ ವಡೆಗಳಿಗೂ ಒಂದೇ ಲಿಂಗ. "ಪಪ್ಪಾ, ಕಾಕಾ ಯಾಕೆ ಫೋನ್ ಮಾಡಲ್ಲ? ಅದಕ್ಕೆ ಗುಸ್ಸಾ ಬಂದಿದೆಯಾ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು. ಅದಕ್ಕೆ ಸಿಟ್ಟು ಬಂದಿತ್ತು, ನಿಜ. ಕಾಲೇಜಿನಲ್ಲಿ ಅವಳಿಗೆ ತಾನೇ ಕೂಡಿಹಾಕಿದ ಅಂಕಿಗಳನ್ನು ಚಿತ್ರ ಮಾಡಿ ತರಲು ಹೇಳಿದ್ದರಂತೆ. ಅಂಕಿ ಕೂಡಿಹಾಕುವ ಕಷ್ಟ ಯಾಕೆ, ಮನೆಯಲ್ಲೇ ಇದೆಯಲ್ಲ ಎಂದು ನನ್ನ ನೋಟುಪುಸ್ತಕವನ್ನು ಎತ್ತಿಕೊಂಡಳು.

ಮೊದಲು ಎರಡು ದಪ್ಪ ಕಂಬ ಬರೆದು ತೋರಿಸಿದಳು. ಒಂದು ನನ್ನದು, ಒಂದು ತಮ್ಮನದು. ಮೂವತ್ತೈದು ಗ್ರಾಮಿನಿಂದ ಐವತ್ತೈದರವರೆಗಿನ ವಡೆಗಳೆಲ್ಲ ಒಂದೇ ಕಂಬದೊಳಗೆ ಅಡಗಿದ್ದವು. ನೂರಕ್ಕಿಷ್ಟು ಎಂಬ ಲೆಕ್ಕವಾದ್ದರಿಂದ ಕಂಬಗಳು ಅವಳಿಜವಳಿ.

"ಕಂಬದ ಅಗಲ ಯಾರು ಹೇಳಿದ್ದು?" ಎಂದೆ.

"ಯಾರೂ ಇಲ್ಲ, ನಾನೇ ಇಟ್ಟೆ. ಜಾಸ್ತಿ ಕಂಬ ಮಾಡಿದರೆ ಜಾಸ್ತಿ ಕೆಲಸ."

"ಇಷ್ಟು ಅಗಲದ ಕಂಬದ ಹಿಂದೆ ಆನೆ ನಿಂತರೂ ಕಾಣುವುದಿಲ್ಲ."

ಅವಳು ನಿಟ್ಟುಸಿರು ಬಿಟ್ಟು ಇನ್ನೊಂದು ಚಿತ್ರ ಬರೆದಳು. ಎರಡು ಪೆಟ್ಟಿಗೆ, ಪೆಟ್ಟಿಗೆಯ ಎರಡೂ ಬದಿಗೆ ಮೀಸೆಯ ಹಾಗೆ ಒಂದೊಂದು ಗೆರೆ, ನಡುವೆ ಒಂದು ಅಡ್ಡಗೀಟು. ತಮ್ಮನ ಪೆಟ್ಟಿಗೆ ಬೆಂಕಿಪೊಟ್ಟಣದಷ್ಟು. ನನ್ನದು ಮದುವೆಯ ಟ್ರಂಕಿನಷ್ಟು. ನಡುವಿನ ಗೀಟು ಎರಡರಲ್ಲೂ ನಲವತ್ತೈದರ ಮೇಲೆಯೇ.

"ಪೆಟ್ಟಿಗೆಯೊಳಗೆ ಎಂತ ಉಂಟು?"

"ಅರ್ಧ ವಡೆ."

"ಅರ್ಧ ವಡೆಯನ್ನು ನಾನು ಯಾವಾಗ ತೂಗಿದೆ?"

"ಅಯ್ಯೋ ಪಪ್ಪಾ! ಅರ್ಧ ವಡೆ ಅಲ್ಲ, ಎಲ್ಲ ವಡೆಯಲ್ಲಿ ಅರ್ಧ ವಡೆಗಳು!"

"ಅವು ಒಳಗೆ ಎಲ್ಲೆಲ್ಲಿ ಕೂತಿವೆ?"

"ಅದು ಡಬ್ಬಾ ಹೇಳಲ್ಲ."

ಮುಚ್ಚಿದ ಚೀಲದ ತಳ ಬಿಚ್ಚಿ ನೋಡುವವನಿಗೆ ಮುಚ್ಚಿದ ಪೆಟ್ಟಿಗೆ ಕೊಟ್ಟರೆ ಸುಮ್ಮನಿರುತ್ತಾನೆಯೇ? "ಹಾಗಾದರೆ ತೆರೆ," ಎಂದೆ. ಅಷ್ಟು ಹೊತ್ತಿಗೆ ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಮೇಲೆ ನನಗೊಂದು, ಕೆಳಗೆ ತಮ್ಮನಿಗೊಂದು ಉದ್ದನೆಯ ಗೆರೆ ಎಳೆದು, ಅವುಗಳ ಮೇಲೆ ಗ್ರಾಮುಗಳನ್ನು ಗುರುತಿಸಿ, ಒಂದು ವಡೆಗೆ ಒಂದು ಚುಕ್ಕಿಯಂತೆ ಇಡತೊಡಗಿದಳು. ಒಂದೇ ತೂಕದ ವಡೆ ಮತ್ತೆ ಬಂದರೆ ಚುಕ್ಕಿಯ ತಲೆಯ ಮೇಲೆ ಚುಕ್ಕಿ. ಇದಕ್ಕಿಂತ ಸುಲಭದ ಚಿತ್ರ ಇರಲಾರದು. ಏಳನೇ ತರಗತಿಯೂ ಬೇಡ, ರಂಗೋಲಿಗೆ ಚುಕ್ಕಿ ಇಟ್ಟು ಗೊತ್ತಿದ್ದರೆ ಸಾಕು.

ತಮ್ಮನ ಚುಕ್ಕಿಗಳು ನಲವತ್ತೈದರ ಸುತ್ತ, ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ ಒತ್ತಾಗಿ ಕೂತವು. ನನ್ನ ಚುಕ್ಕಿಗಳು ಎರಡು ಗುಂಪಾದವು. ಒಂದು ಗುಂಪು ಮೂವತ್ತೊಂಬತ್ತರ ಆಚೀಚೆ, ಇನ್ನೊಂದು ಐವತ್ತೊಂದರ ಆಚೀಚೆ, ಜಗಳವಾಡಿ ಬೇರೆ ಬೇರೆ ಕೂತವರಂತೆ. ನಡುವೆ ನಲವತ್ತೈದರ ಮೇಲೆ ಖಾಲಿ ಅಂಗಳ. ನನ್ನ ಸರಾಸರಿ ಇದ್ದ ಜಾಗದಲ್ಲಿ ನನ್ನ ವಡೆ ಒಂದೂ ಇರಲಿಲ್ಲ.

ಶ್ರೇಯಾ ಪೆನ್ನು ಕೆಳಗಿಟ್ಟಳು. "ಪಪ್ಪಾ, ಇದು ಒಂದು ಹೋಟೆಲ್ ಅಲ್ಲ. ಎರಡು ಹೋಟೆಲ್ ಇದೆ." ಪುಸ್ತಕ ತೆಗೆದು ಬಲಗಡೆಯ ಗುಂಪಿನ ಹೆಸರುಗಳನ್ನು ಓದಿದಳು: ರಾಯರು, ವಿಮೆ ಕಚೇರಿಯ ಮೇಡಂ, ರೈಲ್ವೆಯ ಗಂಡಹೆಂಡತಿ, ಮತ್ತೆ ರಾಯರು. ಎಡಗಡೆಯದನ್ನು ಓದಿದಳು: ಪಾರ್ಸಲ್, ಪಾರ್ಸಲ್, ಗೊತ್ತಿಲ್ಲದವರು, ಪಾರ್ಸಲ್. "ಕನ್ನಡದವರಿಗೆ ದೊಡ್ಡದು ಕೊಡ್ತೀರಾ?"

"ಇಲ್ಲ," ಎಂದೆ.

"ಚುಕ್ಕಿ ಹೌದು ಅಂತಿದೆ."

ನಾನು ಸುಳ್ಳು ಹೇಳಲಿಲ್ಲ ಎಂದು ನೀವಾದರೂ ನಂಬಬೇಕು. ನನಗೆ ನಿಜವಾಗಿ ಗೊತ್ತಿರಲಿಲ್ಲ. ನನ್ನ ಒಲೆಯ ಮುಂದೆ ಅರ್ಧ ಗೋಡೆ. ಅದರಾಚೆ ಜನ ಕೂರುವ ಜಾಗ. ಒಬ್ಬೊಬ್ಬರೂ ಬಂದು ಕೂರುವುದು ಕಾಣುತ್ತದೆ. ನಮ್ಮವರ ಮುಖ ಕಂಡಾಗ ಕೈ ತಾನಾಗಿ ಹಿಟ್ಟಿನೊಳಗೆ ಸ್ವಲ್ಪ ಆಳಕ್ಕೆ ಇಳಿಯುತ್ತಿತ್ತು. ಮುಖ ನೋಡಿ ಮಣೆ ಹಾಕುವುದು ಎನ್ನುತ್ತಾರಲ್ಲ, ಹಾಗೆ. ಫೋನಿನೊಳಗಿಂದ ಬರುವ ಪಾರ್ಸಲಿಗೆ ಮುಖವೇ ಇಲ್ಲ, ಮಣೆ ಎಲ್ಲಿಂದ ಬರಬೇಕು? ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂಬ ಗಾದೆಯನ್ನು ನಾವು ಕೂತವರ ಸಂತೋಷಕ್ಕೆ ಹೇಳುತ್ತೇವೆ. ಆ ಪಂಕ್ತಿಯಲ್ಲಿ ನಮ್ಮವರಲ್ಲದವನು ಒಬ್ಬನಿದ್ದರೆ ಅವನ ಎಲೆಗೆ ಏನು ಬಿತ್ತು ಎಂದು ಗಾದೆ ಹೇಳುವುದಿಲ್ಲ.

ರಾಯರು ಸತ್ಯವನ್ನೇ ಹೇಳಿದ್ದರು. ಅವರು ನನ್ನ ಹೋಟೆಲಿನಲ್ಲಿ ತಿಂದದ್ದು ಬಲಗಡೆಯ ಗುಂಪಿನ ವಡೆ ಮಾತ್ರ. ಅದರ ಮುಂದೆ ತಮ್ಮನದು ಕೂಸಾಗಿ ಕಂಡಿತು. ನನ್ನ ಪಾರ್ಸಲಿನವರಲ್ಲಿ ಒಬ್ಬರು ಅಲ್ಕಾಪುರಿಗೆ ಹೋಗಿದ್ದರೆ, ನಿಮ್ಮ ತಮ್ಮನ ವಡೆ ಎಷ್ಟು ದೊಡ್ಡದು ಎಂದು ನನಗೇ ಬಂದು ಹೇಳುತ್ತಿದ್ದರು. ಸುಧಾಕರ ಮಾಡಿದ್ದ ತಪ್ಪು ಒಂದೇ: ರಾಯರು ಯಾರೆಂದು ಕೇಳದೆ, ಎಲ್ಲರಿಗೂ ಕೊಡುವ ವಡೆಯನ್ನೇ ಅವರಿಗೂ ಕೊಟ್ಟದ್ದು. ಕಂಬ ಸಾಲದು, ಪೆಟ್ಟಿಗೆ ಸಾಲದು ಎಂದು ಊರಿಗೆಲ್ಲ ಹಾಕುವ ಅನುಮಾನವನ್ನು ಆ ಕಾಗದಕ್ಕೂ ಹಾಕಿದ್ದೆನಲ್ಲ, ಅದು ಕೊನೆಗೆ ಕಳ್ಳನನ್ನು ಹಿಡಿದೇ ಹಿಡಿಯಿತು. ಕಳ್ಳನ ಕೈಗೆ ಉದ್ದಿನಹಿಟ್ಟು ಮೆತ್ತಿತ್ತು.

ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು ಮರುದಿನವೇ ಸೂರತ್ತಿಗೆ ಹೋದೆ. ಬಟ್ಟೆ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಕ್ಯಾಂಟೀನು. ಸೀರೆಯ ಗಂಟುಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಸುಧಾಕರ ನನ್ನನ್ನು ನೋಡಿ ಮೊದಲು ನನ್ನ ಚೀಲವನ್ನು ನೋಡಿದ. ಅದರಲ್ಲಿ ಯಂತ್ರ ಇಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಲೋಟ ನೀರು ತಂದಿಟ್ಟ. "ಊಟ ಆಯ್ತಾ?" ಎಂದ. ಎಷ್ಟೇ ಸಿಟ್ಟಿದ್ದರೂ ನಮ್ಮ ಮನೆಯವರು ಇಷ್ಟನ್ನು ಕೇಳಿಯೇ ಕೇಳುತ್ತಾರೆ. ನಾನು ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿದೆ.

"ಇದೆಂತ ಅಣ್ಣ? ಗೋಡೆಗೆ ಎಣ್ಣೆ ಸಿಡಿದ ಹಾಗೆ ಉಂಟು."

"ಕೆಳಗಿನದ್ದು ನಿನ್ನ ವಡೆ. ಮೇಲಿನದ್ದು ನನ್ನದು. ಈ ಕಡೆ ನಮ್ಮವರಿಗೆ ಹಾಕಿದ್ದು, ಆ ಕಡೆ ಬೇರೆಯವರಿಗೆ. ನನಗೆ ಗೊತ್ತೇ ಇರಲಿಲ್ಲ ಸುಧಾ. ತಪ್ಪಾಯ್ತು ಮಾರಾಯ."

ಅವನು ಎರಡು ಗುಂಪುಗಳ ಮೇಲೂ ಬೆರಳಾಡಿಸಿದ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. "ನಾನು ನಿನ್ನ ಹೋಟೆಲಿಗೆ ಬಂದಾಗ ಹಾಕ್ತಿದ್ದ ವಡೆ ಇದ್ರಲ್ಲಿ ಎಲ್ಲಿ ಬರ್ತದೆ?"

"ಈ ಕಡೆ. ಎಲ್ಲರಿಗಿಂತ ಆಚೆ," ಎಂದು ಕಾಗದದ ಬಲ ಅಂಚಿನಲ್ಲಿ ಬೆರಳಿಟ್ಟೆ.

"ನೋಡು," ಎಂದ. "ಅಷ್ಟು ದೊಡ್ಡ ವಡೆ ಹಾಕುವವನಿಗೆ ನನ್ನ ಒಂದು ಮಾತು ನಂಬ್ಲಿಕ್ಕೆ ಆಗ್ಲಿಲ್ಲ."

ನಾನು ಕಾಗದ ಮಡಿಸಿ ಎದ್ದೆ. ಹೊರಡುವಾಗ ಮೆಟ್ಟಿಲವರೆಗೆ ಬಂದ. ವಾಪಸು ವಡೋದರಾಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ, "ನೋಡುವಾ," ಎಂದ. ನಮ್ಮ ಕಡೆಯ 'ನೋಡುವಾ' ಎಂಬ ಮಾತನ್ನು ತೂಗುವ ಯಂತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೌದೂ ಆಗಬಹುದು, ಇಲ್ಲವೂ ಆಗಬಹುದು. ಆಮೇಲೆ ಏನೋ ನೆನಪಾದವನಂತೆ, "ಒಲೆ ತಿರುಗಿಸಿ ಇಡು ಅಣ್ಣ. ಗೋಡೆ ನೋಡ್ಕೊಂಡು ಕರಿ," ಎಂದು ಹೇಳಿ ಒಳಗೆ ಹೋದ.

ಒಲೆ ತಿರುಗಿಸಿದೆ, ತೂಗುವುದನ್ನು ಮಾತ್ರ ಬಿಡಲಿಲ್ಲ. ಈಗ ನನ್ನ ಮುಂದೆ ಬಿಳಿ ಟೈಲ್ಸಿನ ಗೋಡೆ ಇದೆ, ಬೆನ್ನ ಹಿಂದೆ ಗಿರಾಕಿಗಳು. ಯಾರು ಬಂದರು, ಯಾರು ಹೋದರು, ತಿಳಿಯುವುದಿಲ್ಲ. "ಇಡ್ಲಿ ವಡೆ ಒಂದು" ಎಂಬ ಕೂಗು ಮಾತ್ರ ಬರುತ್ತದೆ. ಮೊದಲ ಕೆಲವು ದಿನ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು, ಕುತೂಹಲದಿಂದಲ್ಲ, ಅಭ್ಯಾಸದಿಂದ. ಮೂರನೆಯ ದಿನವೇ ರಾಯರು ಅರ್ಧ ಗೋಡೆಯ ಮೇಲಿಂದ ಬಗ್ಗಿದರು: "ಯಾಕ್ರಿ, ನಿಮ್ಮ ವಡಿನೂ ಸಣ್ಣಾಗ್ಯಾವಲ್ಲ? ತಮ್ಮನ ಗಾಳಿ ಬಡೀತೇನು?" ನಾನು ತಿರುಗದೆ, "ಹೌದು ರಾಯರೇ, ಈಗ ಬಡಿಯಿತು," ಎಂದೆ. ಅವರು ಈಗ ಎರಡು ವಡೆ ತಿನ್ನುತ್ತಾರೆ.

ತಿಂಗಳು ಕಳೆಯಿತು. ತಮ್ಮನ ಫೋನು ಬರಲಿಲ್ಲ. ಮಾಡಲು ನನಗೂ ಧೈರ್ಯ ಸಾಲಲಿಲ್ಲ. ಒಂದು ಭಾನುವಾರ ಹನ್ನೊಂದರ ಹೊತ್ತಿಗೆ ಜನ ಕರಗಿದ್ದರು. ಬೆನ್ನ ಹಿಂದಿನಿಂದ "ಅಣ್ಣ" ಎಂದು ಕೇಳಿಸಿತು. ತಿರುಗಿದೆ. ಅರ್ಧ ಗೋಡೆಯ ಪಕ್ಕದ ಮೇಜಿನಲ್ಲಿ ಸುಧಾಕರ ಕೂತಿದ್ದ. ಅವನ ಮುಂದಿನ ತಟ್ಟೆ ಆಗಲೇ ಖಾಲಿಯಾಗಿತ್ತು, ಬಟ್ಟಲಿನಲ್ಲಿ ಸಾಂಬಾರಿನ ಗೆರೆ ಮಾತ್ರ. ಯಾವಾಗಲೋ ಬಂದು, ಕೂತು, ಎಲ್ಲರಂತೆ ಆರ್ಡರ್ ಕೊಟ್ಟು, ತಿಂದು ಮುಗಿಸಿದ್ದ. ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ.

"ಬಂದದ್ದು ಹೇಳ್ಬಾರ್ದಾ? ಸ್ವಲ್ಪ ದೊಡ್ಡದು ಹಾಕ್ತಿದ್ದೆನಲ್ಲ ಮಾರಾಯ!"

"ಅದಕ್ಕೇ ಹೇಳ್ಲಿಲ್ಲ," ಎಂದ.

ಆಮೇಲೆ ಖಾಲಿ ತಟ್ಟೆಯನ್ನು ಅರ್ಧ ಗೋಡೆಯ ಮೇಲೆ ತಂದಿಟ್ಟು, "ಈಗ ಇನ್ನೊಂದು ಹಾಕು," ಎಂದು ನನ್ನ ಮುಖ ನೋಡುತ್ತ ನಿಂತ. ನಾನು ಗೋಡೆಯ ಕಡೆಗೆ ತಿರುಗಿ ಕೈ ಒದ್ದೆ ಮಾಡಿಕೊಂಡೆ. ಆ ವಡೆಯನ್ನು ಮಾತ್ರ ನಾನು ತೂಗಲಿಲ್ಲ.